ಬುಡಕ್ಕೆ ಬೆಂಕಿ

ಆ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಇದ್ದವರು ನಾಲ್ಕು ಜನ. ಕಂಬಕ್ಕೆ ಒರಗಿಕೊಂಡು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ, ಅವಳ ಮಗ್ಗುಲಲ್ಲಿ ತಡಗುಣಿಕಾಯಿ ಸುಲಿಯುತ್ತಿದ್ದ ನಾನು, ಕುಕ್ಕರಗಾಲಲ್ಲಿ ಕೂತು ಒಂದು ಬೈಕಿನ ಹಿಂದಿನ ಚಕ್ರಕ್ಕೆ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದ ಅಪ್ಪ, ಮತ್ತೆ ಆ ಬೈಕಿನ ಯಜಮಾನರು ಇಸ್ಮಾಯಿಲ್ ಸಾಬರು. ಅವ್ವ ಒಳಗೆ ಒಲೆಯ ಮುಂದಿದ್ದಳು. ಆದರೆ ಅವಳ ಕಿವಿ ಜಗಲಿಯಲ್ಲೇ ಇತ್ತು. ಹಾಗೆ ಲೆಕ್ಕ ಹಾಕಿದರೆ ಐದು ಜನ ಅನ್ನಬೇಕು. ಪಿರಿಯಾಪಟ್ಟಣದ ನಮ್ಮ ಮನೆ ದೊಡ್ಡ ರಸ್ತೆಗೆ ಮುಖ ಮಾಡಿಕೊಂಡಿತ್ತು. ಜಗಲಿಯ ಅರ್ಧ ಅಪ್ಪನ ವರ್ಕ್‌ಶಾಪು, ಇನ್ನರ್ಧ ಅಜ್ಜಿಯ ಸಿಂಹಾಸನ. ನಡುವೆ ಗೋಡೆಯಿರಲಿಲ್ಲ. ಹಾಗಾಗಿ ಅಜ್ಜಿಯ ಸೆರಗಿನಲ್ಲಿ ಗ್ರೀಸು, ಅಪ್ಪನ ಡಬ್ಬಿಯಲ್ಲಿ ಅಡಿಕೆ ಚೂರು ಸಿಗುವುದು ಸಾಮಾನ್ಯವಾಗಿತ್ತು. ಸಾರಿಗೂ ಸೀಮೆಎಣ್ಣೆ ವಾಸನೆ ಹತ್ತಿದೆ ಎಂದು ಅಜ್ಜಿ ದಿನವೂ ಹೇಳುತ್ತಿದ್ದಳು. ಹೇಳುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು.

ಅಜ್ಜಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ರಾಗಿಹಿಟ್ಟಿನ ಗುಡಾಣದ ಮುಚ್ಚಳ ಮುಚ್ಚುವ ಮೊದಲು ಹಿಟ್ಟಿನ ಮೇಲೆ ತನ್ನ ಅಂಗೈ ಒತ್ತಿ ಗುರುತು ಮಾಡಿಡುತ್ತಿದ್ದಳು. ಮಾರನೆಯ ದಿನ ಆ ಬೆರಳ ಗುರುತು ಕದಲಿದ್ದರೆ ವಿಚಾರಣೆ ಶುರು. ಹಿಟ್ಟು ಕದಿಯುವವರು ಆ ಮನೆಯಲ್ಲಿ ಯಾರಿದ್ದರು? ಆದರೂ ಗುರುತು ಬೇಕು. ಹಾಲಿನವನು ನೀರು ಬೆರೆಸುತ್ತಾನೆ, ಪಕ್ಕದ ಮನೆಯವಳು ನಮ್ಮ ಕೋಳಿಗೆ ಕಾಳು ಹಾಕಿ ಮೊಟ್ಟೆಯನ್ನು ತನ್ನ ಹಿತ್ತಲಲ್ಲಿ ಇಡಿಸಿಕೊಳ್ಳುತ್ತಾಳೆ, ಬಸ್ಸಿನ ಕಂಡಕ್ಟರು ಬೇಕೆಂದೇ ನಮ್ಮ ಮನೆ ದಾಟಿಸಿ ನಿಲ್ಲಿಸುತ್ತಾನೆ. ನಾನು ಮಾತು ಕಲಿತದ್ದು ಈ ಅಜ್ಜಿಯಿಂದ. ಹಾಗಾಗಿ ಮಾತಿನ ಜೊತೆಗೆ ಅದರ ಬೆನ್ನಿಗಿರುವ ಅನುಮಾನವನ್ನೂ ಕಲಿತೆ.

ಆಗ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅನುಮಾನ ಎಂದರೆ ಚಿಕ್ಕಪ್ಪ. ಅಪ್ಪನ ಒಬ್ಬನೇ ತಮ್ಮ. ಅಣ್ಣನ ಕೈಕೆಳಗೆ ಕೆಲಸ ಕಲಿತು, ಇದೇ ಜಗಲಿಯಲ್ಲಿ ಅಣ್ಣನಿಗೆ ಸಮನಾಗಿ ಕೂತು ದುಡಿದವನು. ಒಂದು ದಿನ ಯಾರೋ ಗಿರಾಕಿ ಅಪ್ಪನ ಮುಂದೆಯೇ, “ತಮ್ಮ ಇದ್ರೆ ಅವನ ಕೈಲೇ ಮಾಡ್ಸಿಬುಡಿ” ಎಂದುಬಿಟ್ಟ. ಅಂದಿನಿಂದ ಚಿಕ್ಕಪ್ಪ ಯಾರ ಜೊತೆ ನಕ್ಕರೂ ಅದು ತನ್ನನ್ನೇ ಕುರಿತು ಎಂದು ಅಪ್ಪನಿಗೆ ಅನ್ನಿಸತೊಡಗಿತು. ಮಾತಿಗೆ ಮಾತು ಬೆಳೆದು ಚಿಕ್ಕಪ್ಪ ಹೆಂಡತಿಯನ್ನು ಕರೆದುಕೊಂಡು ಕೊಪ್ಪಕ್ಕೆ ಹೋಗಿ ಬೈಲಕುಪ್ಪೆ ರಸ್ತೆಯಲ್ಲಿ ಅಂಗಡಿ ಹಾಕಿದ. ಆಮೇಲೆ ಯಾವ ಗಿರಾಕಿ ಒಂದು ತಿಂಗಳು ಬಾರದಿದ್ದರೂ ಅಪ್ಪ ರಸ್ತೆಯ ಪಡುವಣ ದಿಕ್ಕಿಗೆ ಕತ್ತು ತಿರುಗಿಸಿ, “ಅಲ್ಲಿಗೋಗವ್ನೆ” ಅನ್ನುತ್ತಿದ್ದ.

ಇಸ್ಮಾಯಿಲ್ ಸಾಬರು ಬಂದದ್ದೂ ಅಲ್ಲಿಂದಲೇ. ಕೇರಳದ ಕಡೆಯಿಂದ ಲಾರಿಯಲ್ಲಿ ಕೊಪ್ಪಕ್ಕೆ ಬರುವ ಕಡಲ ಮೀನನ್ನು ಪೆಟ್ಟಿಗೆಗೆ ತುಂಬಿ, ಬೈಕಿನ ಹಿಂದೆ ಕಟ್ಟಿ, ಹಳ್ಳಿಹಳ್ಳಿ ತಿರುಗಿ ಕಂಪಲಾಪುರದ ತನಕ ಮಾರುವುದು ಅವರ ಕಸುಬು. ಆ ಬೈಕು ಗುಂಡಿಗೆ ಬಿದ್ದರೆ ಹಿಂಭಾಗ ಕೆಳಗೇ ಕೂತುಬಿಡುತ್ತಿತ್ತು, ಮೇಲೇಳುತ್ತಿರಲಿಲ್ಲ. ಹಿಂದಿನ ಶಾಕಬ್ಸರ್ ಬದಲಾಯಿಸಬೇಕು. ಬದಲಾಯಿಸಬೇಕೆಂದರೆ ಅದರ ಕೆಳಗಿನ ಬೋಲ್ಟು ಬಿಚ್ಚಬೇಕು. ಮೀನಿನ ಪೆಟ್ಟಿಗೆಯಿಂದ ವರ್ಷಗಟ್ಟಲೆ ಸೋರಿದ ಉಪ್ಪುನೀರು ಸರಿಯಾಗಿ ಆ ಬೋಲ್ಟಿನ ಮೇಲೇ ಇಳಿದು, ಬೋಲ್ಟು ಕಚ್ಚಿಕೊಂಡು ಕೂತಿತ್ತು. ನಮ್ಮಲ್ಲಿ ಹಾಗೇ ಹೇಳುವುದು, ಬೋಲ್ಟು ಕಚ್ಚಿದೆ ಅಂತ. ನಾಯಿ ಕಚ್ಚಿದೆ ಅಂದ ಹಾಗೆ.

“ಕೊಪ್ಪದಿಂದ ಇಲ್ಲಿಗಂಟ ಯಾಕ್ ತಂದ್ರಿ ಸಾಬ್ರೇ? ಅಲ್ಲೇ ಒಬ್ಬ ಮೆಕ್ಯಾನಿಕ್ಕು ಅವ್ನಲ್ಲ,” ಎಂದ ಅಪ್ಪ.

“ಅವ್ರೇ ಕಳ್ಸಿದ್ದು ಬೋರಣ್ಣ. ನಿನ್ನೆ ಪೂರಾ ನೋಡುದ್ರು. ಇದುಕ್ಕೆ ಬೇಕಾದ್ ಸಾಮಾನು ನಂತಾವ ಇಲ್ಲ, ಅಣ್ಣನ ಹತ್ರ ತಗಂಡೋಗಿ ಅಂದ್ರು.”

“ಅಂಗಂದ್ನಾ. ಬೋಲ್ಟಿನ ಮೂಲೆ ನೋಡಿ ಇಲ್ಲಿ. ಸ್ಪ್ಯಾನರ್ ಜಾರ್ಸಿ ಜಾರ್ಸಿ ಬೋಳು ಮಾಡ್ಬುಟ್ಟವ್ನೆ. ಕೆಡ್ಸಿ, ಆಮ್ಯಾಕೆ ನನ್ ತಲೆಗೆ ಕಟ್ಟವ್ನೆ. ಬಿಚ್ಚಕ್ ಆಗ್ದೇ ಓದ್ರೆ ಎಸ್ರು ಯಾರ್ದು ಓಗೋದು?”

“ಅಂಗಲ್ಲ ಬೋರಣ್ಣ. ಅವ್ರು ನಿಮ್ಗೆ ಒಂದ್ ಮಾತು ಯೋಳವ್ರೆ—”

“ಅವನ ಮಾತು ನಂಗ್ ಬ್ಯಾಡ. ಗಾಡಿ ಬುಟ್ಟೋಗಿ.”

ಅಪ್ಪ ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದ. ಸಾಬರು ಬೈಕನ್ನು ನಮ್ಮ ಗೋಡೆಗೆ ಒರಗಿಸಿ, ಕೊಪ್ಪದ ಬಸ್ಸಿಗೆ ಹೊತ್ತಾಯಿತೆಂದು ರಸ್ತೆಗೆ ಇಳಿದರು. ಒಪ್ಪಿಸಿದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗುವುದು ಅವರಿಗೆ ಸರಿ ಕಾಣಲಿಲ್ಲವೇನೋ, ಅಲ್ಲಿಂದಲೇ ತಿರುಗಿ ಅಜ್ಜಿಯನ್ನು ಕೂಗಿದರು.

“ಅಜ್ಜೀ, ನಿಮ್ ಚಿಕ್ಮಗ ಯೋಳವ್ರೆ. ಬುಡಕ್ಕೆ ಬೆಂಕಿ ಇಕ್ಬೇಕಂತೆ. ಆಗ್ಲೇ ಅದು ಬುಟ್ಟೋಗೋದಂತೆ. ಬೋರಣ್ಣಂಗೆ ಯೋಳ್ಬುಡಿ.”

ಹೇಳುತ್ತಾ ಅವರು ಕೈ ನೀಡಿ ತೋರಿಸಿದರು. ಬಸ್ಸು ಬಂತು, ಹತ್ತಿ ಹೋದರು. ಅಜ್ಜಿಯ ಕುಟ್ಟಾಣಿ ನಿಂತುಹೋಗಿತ್ತು. ಸಾಬರ ಬೆರಳು ತೋರಿಸಿದ ಕಡೆ ಅವಳು ಕತ್ತು ಹೊರಳಿಸಿ ನೋಡಿದಳು. ಅಲ್ಲಿ ಬೈಕಿತ್ತು, ಬೈಕಿನ ಹಿಂದೆ ನಮ್ಮ ಮನೆಯ ಗೋಡೆಯಿತ್ತು, ಗೋಡೆಯ ಬುಡವಿತ್ತು.

“ಏನಂದ ಮಗ ಅವ್ನು?”

“ಬುಡಕ್ಕೆ ಬೆಂಕಿ ಇಕ್ಬೇಕಂತೆ ಅಜ್ಜಿ,” ಎಂದೆ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅಜ್ಜಿ ಮುದ್ದೆ ಮುರಿಯದೆ ಮಗನ ಮುಖ ನೋಡಿದಳು.

“ನಿನ್ ತಮ್ಮ ಯೋಳ್ಕಳ್ಸವ್ನೆ ಕಣ್ಲಾ. ಈ ಮನೆ ಬುಡಕ್ಕೆ ಬೆಂಕಿ ಇಕ್ತೀನಿ ಅಂತ. ಅವಾಗ್ಲೇ ನೀವು ಬುಟ್ಟೋಗೋದು ಅಂತ.”

ಅಜ್ಜಿ ಸುಳ್ಳು ಹೇಳಲಿಲ್ಲ. ಇಷ್ಟು ವರ್ಷ ಕಳೆದ ಮೇಲೂ ನಾನು ಅದನ್ನು ಸುಳ್ಳು ಅನ್ನಲಾರೆ. ಕಿವಿಗೆ ಬಿದ್ದದ್ದು ನಾಲ್ಕೇ ಮಾತು. ಉಳಿದದ್ದು ಅವಳೊಳಗೆ ಆಗಲೇ ತುಂಬಿಕೊಂಡಿತ್ತು. ‘ಇಕ್ಬೇಕಂತೆ’ ಎಂಬುದು ‘ಇಕ್ತೀನಿ’ ಆಗಲು, ಹಿಂದೊಂದು ‘ಈ ಮನೆ’ ಸೇರಿಕೊಳ್ಳಲು ಜಗಲಿಯಿಂದ ಅಡುಗೆಮನೆಗೆ ಬರುವಷ್ಟು ಹೊತ್ತು ಸಾಕಾಯಿತು.

“ಅತ್ತೆ, ನನ್ ಮೈದ ಅಂಗನ್ನೋ ಮನ್ಸನಾ? ಸಾಬ್ರು ಇನ್ನೇನೋ ಅಂದಿರ್ಬೇಕು,” ಎಂದಳು ಅವ್ವ.

“ನನ್ ಕಿವಿ ಇನ್ನೂ ನೆಟ್ಗದೆ ಕಣವ್ವ. ಅನ್ಮಾನ ಇದ್ರೆ ಮಗೀನ ಕೇಳು.”

ಎಲ್ಲರೂ ನನ್ನ ಕಡೆ ನೋಡಿದರು. ಬುಡಕ್ಕೆ ಬೆಂಕಿ ಅಂದದ್ದು ನಿಜ, ಎಂದೆ. ಅಪ್ಪ ಅರ್ಧ ಮುದ್ದೆ ಬಿಟ್ಟು ತಟ್ಟೆಯಲ್ಲೇ ಕೈ ತೊಳೆದ.

ಇದು ಬರಿಯ ಊಟ ಕೆಟ್ಟ ಮಾತಾಗಿರಲಿಲ್ಲ. ಮಾರ್ಲಾಮಿ ಹಬ್ಬ ಹತ್ತಿರ ಬಂದಿತ್ತು. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ತಾತ ತೀರಿಕೊಂಡಾಗಿನಿಂದ ಇಬ್ಬರು ಮಕ್ಕಳೂ ಒಟ್ಟಿಗೆ ಎಲೆಯ ಎರಡು ತುದಿ ಹಿಡಿದು ಎಡೆ ಇಡಬೇಕೆಂಬುದು ಅಜ್ಜಿಯ ಕಟ್ಟುನಿಟ್ಟು. ಒಬ್ಬನೇ ಇಟ್ಟರೆ ಯಜಮಾನ್ರು ಉಣ್ಣುವುದಿಲ್ಲ, ಹಾಗೇ ತಿರುಗಿ ಹೋಗುತ್ತಾರೆ ಅನ್ನುತ್ತಿದ್ದಳು. ಅಪ್ಪನಿಗೆ ಎಷ್ಟೇ ಕೋಪವಿದ್ದರೂ ಹಬ್ಬದ ದಿನಕ್ಕೆ ತಮ್ಮನನ್ನು ಕರೆಯಲು ಅವಳು ಅವನನ್ನು ಒಪ್ಪಿಸಿಯೇ ಇಟ್ಟಿದ್ದಳು. ಈಗ ಅದೇ ಅಜ್ಜಿ, “ಅವ್ನು ಈ ಒಸ್ಲು ದಾಟೋದು ಬ್ಯಾಡ. ಅವ್ನ ಎಡೆ ಅವ್ನೇ ಇಟ್ಕಳ್ಳಿ” ಎಂದುಬಿಟ್ಟಳು. ಮನೆ ಎರಡಾಗಿ ವರ್ಷವಾಗಿತ್ತು. ಎಡೆಯೂ ಎರಡಾದರೆ ಮತ್ತೆ ಕೂಡುವ ದಾರಿ ಇಲ್ಲ. ಅದು ನನಗೆ ಗೊತ್ತಾದದ್ದು ಅವ್ವ ಒಲೆಯ ಕಡೆ ಮುಖ ಮಾಡಿ ಆರಿದ ಕೆಂಡವನ್ನೇ ಕೆದಕುತ್ತಾ ಕೂತದ್ದನ್ನು ನೋಡಿ.

ಅಂದಿನಿಂದ ನಮ್ಮ ಮನೆಯಲ್ಲಿ ಬೆಂಕಿಯ ಕಾವಲು ಶುರುವಾಯಿತು. ಗೋಡೆಗೆ ಒಟ್ಟಿದ್ದ ಸೌದೆಯನ್ನೆಲ್ಲ ಅಜ್ಜಿ ಹಿತ್ತಲಿಗೆ ಸಾಗಿಸಿದಳು. ಜಗಲಿಯ ಮೂಲೆಯಲ್ಲಿ ತುಂಬಿದ ಬಿಂದಿಗೆ ಇಡಿಸಿದಳು. ಬೀಡಿ ಸೇದುತ್ತಾ ರಸ್ತೆಯಲ್ಲಿ ಹೋಗುವವರನ್ನು ಕಣ್ಣಲ್ಲೇ ಹಿಂಬಾಲಿಸುತ್ತಿದ್ದಳು. ಕೊಪ್ಪದ ಕಡೆಯಿಂದ ಬರುವ ಬಸ್ಸು ನಿಂತರೆ ಇಳಿದವರ ಕೈಯಲ್ಲಿ ಏನಿದೆ ಎಂದು ನೋಡುತ್ತಿದ್ದಳು. ಕೊನೆಗೆ ಮನೆಯ ಬೆಂಕಿಪಟ್ಟಣವನ್ನು ತನ್ನ ಎಲೆಚೀಲಕ್ಕೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಲೆ ಹಚ್ಚಬೇಕಾದರೆ ಅವ್ವ ಹೊರಗೆ ಬಂದು ಕೇಳಬೇಕು, ಒಂದು ಕಡ್ಡಿ ಗೀರಿ ತೋರಿಸಬೇಕು, ಪಟ್ಟಣ ವಾಪಸು ಕೊಡಬೇಕು.

“ಅತ್ತೆ, ನಾನೇ ಇಕ್ಬುಡ್ತೀನಿ ಅಂತ ಭಯವಾ?”

“ನಿನ್ ಮ್ಯಾಲೆ ಅಲ್ಲ ಕಣವ್ವ. ಬೆಂಕಿ ಮ್ಯಾಲೆ ನಂಗೆ ನಂಬ್ಕೆ ಇಲ್ಲ.”

ಇತ್ತ ಅಪ್ಪ ಬೋಲ್ಟಿನ ಮೇಲೆ ಬಿದ್ದ. ಸೀಮೆಎಣ್ಣೆ ಬಿಟ್ಟ, ಬ್ರೇಕ್ ಆಯಿಲ್ ಬಿಟ್ಟ, ಕೊಬ್ಬರಿ ಎಣ್ಣೆಯನ್ನೂ ಬಿಟ್ಟು ನೋಡಿದ. ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟಿ ತುಕ್ಕು ಕದಲುತ್ತದೆಯೇ ಎಂದು ಕಾದ. ಬಿಚ್ಚುವ ಮೊದಲು ಒಂದಿಷ್ಟು ಬಿಗಿ ಮಾಡಿ ನೋಡಿದ. ಸವೆದ ಮೂಲೆಗಳನ್ನು ಅರದಿಂದ ಉಜ್ಜಿ ಮಟ್ಟ ಮಾಡಿ, ಒಂದು ಅಳತೆ ಕಡಿಮೆಯ ಸ್ಪ್ಯಾನರ್ ಬಡಿದು ಕೂರಿಸಿ, ಅದಕ್ಕೆ ಕಬ್ಬಿಣದ ಪೈಪು ತೊಡಿಸಿ ಜಗ್ಗಿದ. ಬೈಕು ಅಲುಗಿತು, ಗೋಡೆಯ ಸುಣ್ಣ ಉದುರಿತು, ಬೋಲ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬೆಂಕಿ ಕೊಟ್ಟು ನೋಡುವ ಯೋಚನೆ ಅಪ್ಪನಿಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿರಬೇಕು. ಆದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೆಂಕಿ ಎಂಬ ಮಾತನ್ನೇ ಯಾರೂ ಎತ್ತುವ ಹಾಗಿರಲಿಲ್ಲ. ಅಪ್ಪ ಬೇರೆಯದನ್ನೇ ಯೋಚಿಸುತ್ತಿದ್ದ. ತಮ್ಮ ಬೇಕೆಂದೇ ಒಳಗೆ ಅಂಟಿಸುವಂಥದ್ದೇನೋ ಹಾಕಿ ಕಳಿಸಿದ್ದಾನೆ ಎಂದು ಒಂದು ದಿನ, ವೆಲ್ಡಿಂಗ್ ಮಾಡಿಸಿ ಮೇಲೆ ಮಣ್ಣು ಮೆತ್ತಿದ್ದಾನೆ ಎಂದು ಇನ್ನೊಂದು ದಿನ. ಸೂಜಿಯಿಂದ ಕೆರೆದು ಕೆರೆದು ವೆಲ್ಡಿಂಗಿನ ಗುರುತು ಹುಡುಕುತ್ತಿದ್ದ. ಉಪ್ಪಿನ ಬಿಳಿ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿ, “ಇದೇನೋ ಅದೆ” ಅನ್ನುತ್ತಿದ್ದ. ಅದು ಮೀನಿನ ವಾಸನೆ ಎಂದು ನನಗೂ ಗೊತ್ತಾಗುತ್ತಿತ್ತು. ಪಕ್ಕದ ಮನೆಯ ಬೆಕ್ಕಿಗೂ ಗೊತ್ತಾಗಿತ್ತು, ಅದು ಬೈಕಿನ ಸೀಟು ಬಿಟ್ಟು ಇಳಿಯುತ್ತಲೇ ಇರಲಿಲ್ಲ.

ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ಸಾಬರು ಬಂದರು. ಹಬ್ಬದ ಮುಂಚಿನ ದಿನ ಮೀನು ಚೆನ್ನಾಗಿ ಹೋಗುತ್ತದೆ, ಗಾಡಿ ಬೇಕೇ ಬೇಕು ಎಂದರು. ಬೈಕು ಬಿಟ್ಟ ಜಾಗದಲ್ಲೇ, ಬಿಟ್ಟ ಹಾಗೇ ನಿಂತಿತ್ತು.

“ಇದೇನ್ ಬೋರಣ್ಣ, ನಿಮ್ ತಮ್ಮ ಯೋಳಿದ್ ಮಾಡ್ಲಿಲ್ವಾ?”

ಅಪ್ಪ ಪೈಪನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತ. “ಅವ್ನು ಯೋಳಿದ್ದು ನೀವು ಬಂದು ನಮ್ಮವ್ವಂಗೆ ಯೋಳಿದ್ರಲ್ಲ ಸಾಬ್ರೇ, ನಿಮ್ಗಾದ್ರೂ ಬ್ಯಾಡ್ವಾ? ಮನೆಗೆ ಬೆಂಕಿ ಇಕ್ತೀನಿ ಅಂದೋನ ಮಾತ್ನ ಒತ್ಕಂಡ್ ಬರೋದಾ?”

ಸಾಬರು ಎರಡೂ ಕೆನ್ನೆ ಬಡಿದುಕೊಂಡರು. “ತೋಬ ತೋಬ. ಮನೆಗಾ? ಯಾರ್ ಅಂದ್ರು ಮನೆಗೆ ಅಂತ?” ಎಂದು ಬೈಕಿನ ಪಕ್ಕ ಕೂತು, ಬೋಲ್ಟು ಹೊಕ್ಕಿದ್ದ ದಪ್ಪ ಕಬ್ಬಿಣದ ಗೂಡಿನ ಮೇಲೆ ಬೆರಳಿಟ್ಟರು. “ಇಕೋ, ಈ ಬುಡಕ್ಕೆ. ತಲೆಗೆ ಬ್ಯಾಡ, ತಲೆ ಕಾದ್ರೆ ಬೋಲ್ಟು ಉಬ್ಕಂಡು ಇನ್ನೂ ಕಚ್ತದೆ, ಬುಡಕ್ಕೇ ಬೆಂಕಿ ಇಕ್ಕಕ್ ಯೋಳಿ ಅಂದ್ರು. ಬುಡ ಅಗಲ ಆದ್ರೆ ತಾನಾಗೇ ಬುಟ್ಟೋಯ್ತದೆ ಅಂದ್ರು. ನಿಮ್ತಾವ ಬ್ಲೋ ಲ್ಯಾಂಪ್ ಅದೆ, ಅವ್ರತಾವ ಇಲ್ಲ. ಅದಕ್ಕೇ ಇಲ್ಗೆ ಕಳ್ಸಿದ್ದು.”

ಒಳಗೆ ಅವ್ವ ಪಾತ್ರೆ ಉಜ್ಜುವುದು ನಿಂತಿತು. ಅಜ್ಜಿ ಸಾಬರ ಬೆರಳನ್ನೂ ಗೋಡೆಯ ಬುಡವನ್ನೂ ಒಂದಾದ ಮೇಲೊಂದರಂತೆ ನೋಡಿದಳು.

“ಈಗ್ ಅಂಗಂತಾರೆ,” ಎಂದಳು.

ಅಪ್ಪನಿಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬೆಂಕಿ ಕೊಡಿಸಿ ಗಾಡಿ ಸುಡಿಸುವ ಉಪಾಯವಿರಬಹುದು ಎಂಬ ಗೆರೆ ಅವನ ಹಣೆಯ ಮೇಲೆ ನನಗೆ ಕಾಣುತ್ತಿತ್ತು. ಆದರೂ ಪೆಟ್ರೋಲ್ ಟ್ಯಾಂಕು ಬಿಚ್ಚಿ ರಸ್ತೆಯಾಚೆ ಇಡಿಸಿದ. ಹತ್ತಿರದ ರಬ್ಬರಿಗೂ ವೈರಿಗೂ ಒದ್ದೆ ಗೋಣಿಚೀಲ ಸುತ್ತಿದ. ಅಟ್ಟದಿಂದ ಬ್ಲೋ ಲ್ಯಾಂಪ್ ಇಳಿಸಿ ಸೀಮೆಎಣ್ಣೆ ತುಂಬಿದ. ಆಮೇಲೆ ಅಜ್ಜಿಯ ಮುಂದೆ ಬಂದು ಕೈ ಚಾಚಿದ.

“ಅವ್ವ, ಬೆಂಕಿಪಟ್ಣ ಕೊಡು.”

“ಯಾಕ್ಲಾ?”

“ಬುಡಕ್ಕೆ ಇಕ್ಬೇಕು.”

ಸಾಬರು ಮುಖ ಆ ಕಡೆ ತಿರುಗಿಸಿಕೊಂಡರು, ಅವರ ಹೆಗಲು ಕುಲುಕುತ್ತಿತ್ತು. ಅಜ್ಜಿ ಪಟ್ಟಣ ಕೊಡಲಿಲ್ಲ. ಎದ್ದು ಬಂದು, ತಾನೇ ಕಡ್ಡಿ ಗೀರಿ, ಲ್ಯಾಂಪು ಹೊತ್ತಿಕೊಳ್ಳುವ ತನಕ ಹಿಡಿದು, ಕಡ್ಡಿಯನ್ನು ಬಿಂದಿಗೆಯ ನೀರಿಗೆ ಅದ್ದಿ, ಬಿಂದಿಗೆ ತಬ್ಬಿಕೊಂಡು ಅಲ್ಲೇ ಕೂತಳು.

ಬುಸ್ಸೆನ್ನುವ ನೀಲಿ ಉರಿಯನ್ನು ಅಪ್ಪ ಬೋಲ್ಟಿನ ತಲೆಗೆ ತಾಗದಂತೆ, ಗೂಡಿನ ಸುತ್ತಲೂ ಆಡಿಸಿದ. ಮೀನು ಸುಟ್ಟ ವಾಸನೆ ಎದ್ದಿತು. ಕಬ್ಬಿಣ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಉರಿ ಸರಿಸಿ, ಬೋಲ್ಟಿನ ಸಂದಿಗೆ ಮೇಣದಬತ್ತಿ ಮುಟ್ಟಿಸಿದ. ಮೇಣ ಕರಗಿ ಒಳಗೆ ಇಳಿದುಹೋಯಿತು, ಯಾರೋ ಕುಡಿದ ಹಾಗೆ. ಸ್ಪ್ಯಾನರಿಗೆ ಪೈಪು ತೊಡಿಸಿ ಜಗ್ಗಿದ. ಟಕ್ ಎಂದಿತು. ಮುರಿಯಿತು ಅಂದುಕೊಂಡೆವು. ಅಪ್ಪ ಕಣ್ಣು ಮುಚ್ಚಿಕೊಂಡ. ಮತ್ತೆ ಮೆಲ್ಲಗೆ ತಿರುಗಿಸಿದ. ಸ್ಪ್ಯಾನರಿನ ಜೊತೆ ಬೋಲ್ಟೂ ತಿರುಗಿತು. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಮತ್ತೆ ಮೇಣ. ಹಾಗೆ ಮಾಡುತ್ತಾ ಮಾಡುತ್ತಾ ಇಡೀ ಬೋಲ್ಟು ಹೊರಗೆ ಬಂತು, ಕೆಂಪು ತುಕ್ಕು ಮೆತ್ತಿಕೊಂಡು. ವೆಲ್ಡಿಂಗ್ ಇರಲಿಲ್ಲ, ಅಂಟು ಇರಲಿಲ್ಲ, ಉಪ್ಪಿತ್ತು.

“ನಾಳೆ ಬೆಳಗ್ಗೆ ಗಾಡಿನ ಕೊಪ್ಪಕ್ಕೇ ತಂದ್ಕೊಡ್ತೀನಿ ಸಾಬ್ರೇ,” ಎಂದ ಅಪ್ಪ. ಸಾಬರು ಅವನ ಮುಖ ನೋಡಿ, ಏನೂ ಕೇಳದೆ ತಲೆಯಾಡಿಸಿದರು.

ಮಾರನೆಯ ದಿನ ಹೊಸ ಶಾಕಬ್ಸರ್ ಹಾಕಿದ ಬೈಕಿನಲ್ಲಿ ನನ್ನನ್ನು ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅಪ್ಪ ಕೊಪ್ಪಕ್ಕೆ ಹೊರಟ. ಚಿಕ್ಕಪ್ಪ ಅಂಗಡಿಯ ಮುಂದೆ ಕೂತಿದ್ದವನು ನಮ್ಮನ್ನು ನೋಡಿ ಎದ್ದ. ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಡಲಿಲ್ಲ. ಅಣ್ಣನ ಮುಖ ನೋಡುವ ಮೊದಲು ಬಗ್ಗಿ ಬೈಕಿನ ಹಿಂಭಾಗ ನೋಡಿದ.

“ಬುಡಕ್ಕೇ ಇಕ್ದಾ?”

“ಬುಡಕ್ಕೇ ಇಕ್ದೆ. ಮೂಲೆ ತಿಂದಿದ್ದು ನೀನೇನ್ಲಾ?”

“ನನ್ ಕೈಗ್ ಬರೋಕ್ ಮುಂಚೇನೆ ಅಂಗಿತ್ತು.”

ಅಪ್ಪ ಅದನ್ನು ನಂಬಿದನೋ ಇಲ್ಲವೋ. “ಹಬ್ಬಕ್ಕೆ ಬಾ,” ಎಂದ.

“ಅವ್ವ ಕರೆದ್ಲಾ?”

“ನಾನ್ ಕರೀತಾ ಇವ್ನಿ.”

“ಯಾಕೆ?”

ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಸೌದೆ ಸಾಗಿಸಿದ್ದು, ಬಿಂದಿಗೆ ಇಟ್ಟದ್ದು, ಬೆಂಕಿಪಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು. ಒಳಬಾಗಿಲಲ್ಲಿ ನಿಂತಿದ್ದ ಚಿಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಚಿಕ್ಕಪ್ಪ ನಗಲಿಲ್ಲ.

“ಅವ್ವ ಅದ್ನ ನಂಬುದ್ಲಾ?”

ಅಪ್ಪ ಹೊಸ ಶಾಕಬ್ಸರಿನ ಮೇಲಿನ ಧೂಳು ಒರೆಸಿದ.

“ನೀನೂ ನಂಬ್ದಾ?”

“ನಂಬ್ದೆ,” ಎಂದ ಅಪ್ಪ.

“ಅಂಗಾದ್ರೆ ನಾನ್ ಬರಕ್ಕಿಲ್ಲ.”

ಸಾಬರಿಗೆ ಗಾಡಿ ಒಪ್ಪಿಸಿ ನಾವು ಬಸ್ಸಿನಲ್ಲಿ ವಾಪಸು ಬಂದೆವು. ಅಪ್ಪ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದ. ಅಂದಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾರಾದರೂ ಇನ್ನೊಬ್ಬರ ಮಾತು ತಂದು ಹೇಳಿದರೆ, ಹೇಳುವಾಗ ಅವರ ಕೈ ಯಾವ ಕಡೆಗಿತ್ತು ಎಂದು ಕೇಳುತ್ತೇನೆ. ಮೊಬೈಲಿನಲ್ಲಿ ಬಂದ ಮಾತಿಗೆ ಹಾಗೆ ಕೇಳಲಾಗುವುದಿಲ್ಲ, ಹಾಗಾಗಿ ಅದನ್ನು ಎರಡು ಸಲ ಓದುತ್ತೇನೆ. ಮಕ್ಕಳು ನಗುತ್ತಾರೆ.

ಹಬ್ಬದ ದಿನ ಅವ್ವ ಬೆಳಿಗ್ಗೆಯಿಂದ ಅಡುಗೆಗೆ ನಿಂತಳು. ಕೋಳಿ ಸಾರು, ವಡೆ, ಕಜ್ಜಾಯ, ತಾತನಿಗೆ ಇಷ್ಟವಾದ ಹುರಿದ ಕರಿಮೀನು. ಬರುವುದಿಲ್ಲ ಎಂದ ಚಿಕ್ಕಪ್ಪನ ಮಾತನ್ನು ಅಪ್ಪ ಅಜ್ಜಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ನಡುಮನೆಯಲ್ಲಿ ಬಾಳೆ ಎಲೆ ಹಾಸಿಯಾಗಿತ್ತು. ಎಲ್ಲ ಬಡಿಸಿ ಆಯಿತು, ಧೂಪ ಹಾಕುವುದು ಬಾಕಿ. ಅಪ್ಪ ಎಲೆಯ ಒಂದು ತುದಿಯ ಹತ್ತಿರ ಮಂಡಿಯೂರಿ ಕೂತ. ಅಜ್ಜಿ, “ಇನ್ನೊಸಿ ತಡಿ” ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ಸಾರು ಆರ್ಲಿ ತಡಿ” ಎಂದಳು. ಅನ್ನ ತಣ್ಣಗಾಯಿತು. ಮಧ್ಯಾಹ್ನದ ಬಸ್ಸು ಬಂದು ನಿಂತ ಸದ್ದಾಯಿತು. ತಾತನ ಎಡೆ ತಪ್ಪಿಸಲು ಮನಸ್ಸು ಬರಲಿಲ್ಲವೇನೋ, ಚಿಕ್ಕಪ್ಪ ಮುಂದೆ, ಚಿಕ್ಕವ್ವ ಹಿಂದೆ, ಜಗಲಿ ಹತ್ತಿ ಬಾಗಿಲಿಗೆ ಬಂದರು. ಅಜ್ಜಿ ಎದ್ದು ಹೋಗಿ ಹೊಸ್ತಿಲಿಗೆ ಅಡ್ಡ ನಿಂತಳು.

“ಸಾಬ್ರತಾವ ಏನಂದೆ ನೀನು?”

ಚಿಕ್ಕಪ್ಪ ಅವಳ ಕಣ್ಣನ್ನೇ ನೋಡುತ್ತಾ ಹೇಳಿದ. “ಬುಡಕ್ಕೆ ಬೆಂಕಿ ಇಕ್ಬೇಕು, ಆಗ್ಲೇ ಬುಟ್ಟೋಗೋದು ಅಂದೆ.”

ಅಜ್ಜಿ ಆ ಮಾತನ್ನು ಬಾಯಲ್ಲಿ ಅಡಿಕೆ ಹೊರಳಿಸಿದ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡಳು.

“ಇನ್ಮ್ಯಾಕೆ ಯೋಳೋದಿದ್ರೆ ನೀನೇ ಬಂದು ಯೋಳು,” ಎಂದು ಪಕ್ಕಕ್ಕೆ ಸರಿದಳು.

ಇಬ್ಬರೂ ಎಲೆಯ ಎರಡು ತುದಿ ಹಿಡಿದು ಎಡೆ ಇಟ್ಟರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಜಗಲಿಯಲ್ಲಿ ಕೂತೆವು. ಅಣ್ಣ ತಮ್ಮ ಒಂದೇ ಗೋಡೆಗೆ ಬೆನ್ನು ಕೊಟ್ಟು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು ಕೂತಿದ್ದರು. ಬಹಳ ಹೊತ್ತಾದ ಮೇಲೆ ಅಪ್ಪ, “ಮೇಣ ಮುಟ್ಸಿದೆ ಕಣ್ಲಾ” ಎಂದ. ಚಿಕ್ಕಪ್ಪ, “ಬಿಸಿ ಇದ್ದಾಗ್ಲಾ, ಆರುದ್ ಮ್ಯಾಲಾ?” ಎಂದ. ಆಮೇಲೆ ಅವರು ಮಾತು ನಿಲ್ಲಿಸಲಿಲ್ಲ. ಅಜ್ಜಿ ಬಾಗಿಲು ತೆಗೆದು ಊಟಕ್ಕೆ ಕರೆದದ್ದೂ ಅವರಿಗೆ ಕೇಳಿಸಲಿಲ್ಲ.

ಚಿಕ್ಕಪ್ಪ ವಾಪಸು ಬಂದು ನಮ್ಮ ಜಗಲಿಯಲ್ಲಿ ಕೂರಲಿಲ್ಲ. ಕೊಪ್ಪದ ಅಂಗಡಿ ಕೊಪ್ಪದಲ್ಲೇ ಉಳಿಯಿತು. ಮರುವರ್ಷ ಎಡೆಯನ್ನು ಅಣ್ಣ ತಮ್ಮ ಇಬ್ಬರೂ ಅಲ್ಲಿ, ಅವನ ಬಾಡಿಗೆ ಮನೆಯಲ್ಲಿ ಇಟ್ಟರು. ಅಜ್ಜಿ ಹಬ್ಬದ ಹಿಂದಿನ ದಿನವೇ ಒಬ್ಬಳೇ ಬಸ್ಸು ಹತ್ತಿ ಹೋದಳು.